ದುರ್ಗದ ಲಾವಾ ಶಿಲೆಯ ಕೋರ್ ಅಳೆಯುವಾಗ: ಪಾರಗಮ್ಯತೆಯ ಅಂಕಿ ತಪ್ಪಿದರೆ ದೋಷ ಹುಡುಕುವ ಕ್ರಮ

ಮೂರು ಕೋರ್‌ಗಳು (ನೆಲ ಕೊರೆದು ತೆಗೆದ ಕಲ್ಲಿನ ದಿಂಡುಗಳು), ಮೂರು ಆಳ: 42 ಮೀಟರ್, 67 ಮೀಟರ್, 88 ಮೀಟರ್. ಸಾರಜನಕ ಹರಿಸಿ ಪಾರಗಮ್ಯತೆ, ಎಂದರೆ ಕಲ್ಲು ತನ್ನೊಳಗೆ ಅನಿಲ, ನೀರನ್ನು ಎಷ್ಟು ಸುಲಭವಾಗಿ ಹಾಯಗೊಡುತ್ತದೆ ಎಂಬುದನ್ನು, ಅಳೆದಾಗ ಬಂದ ಅಂಕಿಗಳು 2.9, 3.0 ಮತ್ತು 3.4 ಮಿಲಿಡಾರ್ಸಿ (ಅದರ ಏಕಮಾನ). ಚಿತ್ರದುರ್ಗದಿಂದ ಹಿರಿಯೂರಿನ ಕಡೆಗೆ ಹೋಗುವ ದಾರಿಯ ಬದಿಯ ಊರೊಂದರಲ್ಲಿ ಮಳೆನೀರನ್ನು ನೆಲಕ್ಕೆ ಇಂಗಿಸುವ ಗುಂಡಿಗಳನ್ನು ಎಲ್ಲಿ ತೋಡಬೇಕೆಂದು ಈ ಅಂಕಿಗಳನ್ನು ನೋಡಿ ತೀರ್ಮಾನಿಸುವುದಿತ್ತು. ಅಂಕಿಗಳು ಒಂದಕ್ಕೊಂದು ಹೊಂದಿಕೊಂಡಿದ್ದವು. ಯಂತ್ರ ನಡೆಸಿದ ಹುಡುಗ ಸಂತೋಷದಿಂದಲೇ ಹಾಳೆಯನ್ನು ತಂದುಕೊಟ್ಟಿದ್ದ. ನನಗೆ ಮಾತ್ರ ಆ ಹೊಂದಾಣಿಕೆಯೇ ಮೊದಲ ಅನುಮಾನ ತಂದಿತು.

ಕಾರಣ ಶಿಲೆಯಲ್ಲೇ ಇದೆ. ಐಮಂಗಲದ ಬಳಿಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದಂತೆ ಕಾಣುವ ಲಾವಾ ಬಂಡೆಗಳಿವೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿ ರಕ್ಷಿತವಾಗಿರುವ ಆ ಬಂಡೆಗಳು ನೀರಿನಡಿಯಲ್ಲಿ ಉಕ್ಕಿ, ತಟ್ಟನೆ ತಣಿದು ಆದವು. ವಯಸ್ಸು ಸುಮಾರು 250 ಕೋಟಿ ವರ್ಷ. ನಮ್ಮ ಕೋರ್‌ಗಳು ಸ್ಮಾರಕದ ಆವರಣದ್ದಲ್ಲ, ಆದರೆ ಅದೇ ಶಿಲಾಪಟ್ಟಿಗೆ ಸೇರಿದವು. ಇಷ್ಟು ಹಳೆಯ ಲಾವಾ ಭೂಮಿಯೊಳಗೆ ಬೆಂದು, ಒತ್ತಿಸಿಕೊಂಡು ರೂಪಾಂತರಗೊಂಡಿದೆ. ಮೂಲದ ಖನಿಜಗಳ ಜಾಗದಲ್ಲಿ ಕ್ಲೋರೈಟ್, ಎಪಿಡೋಟ್, ಆಕ್ಟಿನೊಲೈಟ್ ಬೆಳೆದಿರುವುದರಿಂದಲೇ ಅದಕ್ಕೆ ಆ ಹಸಿರು ಛಾಯೆ. ಒಂದು ಕಾಲದ ಅನಿಲಗುಳ್ಳೆಗಳ ತೂತುಗಳು ಕ್ಯಾಲ್ಸೈಟ್ ಮತ್ತು ಸ್ಫಟಿಕಶಿಲೆಯಿಂದ ತುಂಬಿಹೋಗಿವೆ. ಬೆಳಗಾವಿ, ವಿಜಯಪುರದ ಕಡೆಯ ದಖನ್ ಬಸಾಲ್ಟ್ ಸುಮಾರು 6.6 ಕೋಟಿ ವರ್ಷದ್ದು. ಅದರ ಪದರಗಳ ತಲೆಯಲ್ಲಿ ಇಂದಿಗೂ ತೆರೆದ ತೂತುಗಳಿರುತ್ತವೆ. ಅದರ ಅಂಕಿಗಳನ್ನು ಮುಂದಿಟ್ಟುಕೊಂಡು ದುರ್ಗದ ಕಲ್ಲನ್ನು ಅಳೆಯುವುದು ತಪ್ಪು. ಬಿರುಕಿಲ್ಲದ, ಶಿಥಿಲವಾಗದ ನಮ್ಮ ಲಾವಾ ಶಿಲೆಯಿಂದ ನಿರೀಕ್ಷಿಸಬೇಕಾದದ್ದು ಒಂದು ಮೈಕ್ರೋಡಾರ್ಸಿಯ (ಮಿಲಿಡಾರ್ಸಿಯ ಸಾವಿರದ ಒಂದು ಪಾಲು) ಆಸುಪಾಸು ಅಥವಾ ಅದಕ್ಕೂ ಕಡಿಮೆ, ಎಂದರೆ 10⁻¹⁸ ಚದರ ಮೀಟರ್ ಇಲ್ಲವೇ ಅದರ ಕೆಳಗೆ. ನಮಗೆ ಬಂದದ್ದು ಅದರ ಮೂರು ಸಾವಿರ ಪಟ್ಟು.

ಇನ್ನೂ ಒಂದು ಮಾತು. ಇಪ್ಪತ್ತು, ಇಪ್ಪತ್ತೈದು ಮೀಟರ್ ಅಂತರದ ಮೂರು ಕಲ್ಲುಗಳು ಪಾರಗಮ್ಯತೆಯಲ್ಲಿ ಇಷ್ಟು ಹತ್ತಿರ ಬರುವುದು ಅಪರೂಪ. ಸರಂಧ್ರತೆ (ಕಲ್ಲಿನೊಳಗಿನ ಖಾಲಿ ಜಾಗದ ಪಾಲು) ಒಂದೇ ಇದ್ದರೂ ಪಾರಗಮ್ಯತೆ ಹತ್ತು, ನೂರು ಪಟ್ಟು ಆಚೀಚೆ ಇರುವುದು ಸಹಜ. ಬೇರೆ ಬೇರೆ ಕಲ್ಲುಗಳು ಒಂದೇ ಉತ್ತರ ಕೊಟ್ಟರೆ, ಆ ಉತ್ತರ ಅವುಗಳಿಗೆಲ್ಲ ಸಮಾನವಾದ ಯಾವುದೋ ಒಂದರದ್ದು. ನಮ್ಮಲ್ಲಿ ಸಮಾನವಾಗಿದ್ದದ್ದು ಯಂತ್ರ.

ಮೊದಲು ಉಕ್ಕಿನ ದಿಂಡು

ಪಾರಗಮ್ಯತೆ ಅಳೆಯುವ ಪ್ರತಿಯೊಂದು ಕೊಠಡಿಯಲ್ಲೂ ಕೋರ್‌ನ ಅಳತೆಯದೇ ಒಂದು ಉಕ್ಕಿನ ದಿಂಡು ಇರಲೇಬೇಕು. ನಮ್ಮದು 38 ಮಿಲಿಮೀಟರ್ ವ್ಯಾಸ, 50 ಮಿಲಿಮೀಟರ್ ಉದ್ದ. ಲೇತ್ ಇಟ್ಟುಕೊಂಡವರು ಯಾರಾದರೂ ಮಾಡಿಕೊಡುತ್ತಾರೆ. ಉಕ್ಕಿನೊಳಗೆ ಅನಿಲ ಹರಿಯುವುದಿಲ್ಲ. ಹಾಗಾಗಿ ಅದನ್ನು ಕೋರ್‌ನ ಜಾಗದಲ್ಲಿಟ್ಟು, ಅದೇ ಸುತ್ತಣ ಒತ್ತಡ (ಕೋರ್ ಸುತ್ತಿದ ರಬ್ಬರ್ ಸ್ಲೀವನ್ನು ಹೊರಗಿನಿಂದ ಕಲ್ಲಿಗೆ ಒತ್ತುವುದು), ಅದೇ ಒಳಬಾಯಿಯ ಒತ್ತಡ (ಅನಿಲ ಒಳಹೋಗುವ ತುದಿಯದು) ಕೊಟ್ಟಾಗ ಹರಿವು ಕಂಡರೆ ಅದು ಕಲ್ಲಿನದಲ್ಲ, ಸೋರಿಕೆಯದು.

ನಮ್ಮ ಉಕ್ಕು 2.9 ಮಿಲಿಡಾರ್ಸಿ ತೋರಿಸಿತು.

ಇಲ್ಲಿಂದ ಮುಂದೆ ಅವಸರ ಬೇಡ. ಸೋರಿಕೆ ಎರಡು ಬಗೆ. ಹೊರಗೆ ಹೋಗುವ ಸೋರಿಕೆ ಕೊಳವೆಯ ಜೋಡಣೆಗಳಲ್ಲಿ, ವಾಲ್ವ್‌ಗಳಲ್ಲಿ ಇರುತ್ತದೆ. ಹೊರಬಾಯಿಯನ್ನು ಮುಚ್ಚಿ, ಒತ್ತಡ ತುಂಬಿ, ಸಿಲಿಂಡರ್‌ನ ವಾಲ್ವ್ ಕಟ್ಟಿ ಅರ್ಧ ಗಂಟೆ ಬಿಟ್ಟರೆ ಮಾಪಕದ ಮುಳ್ಳು ಇಳಿಯುತ್ತದೆ. ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುವ ಜಾಗ ಕಾಣುತ್ತದೆ. ನಮ್ಮದು ಇಳಿಯಲಿಲ್ಲ. ಎರಡನೆಯದು ಒಳಗಿನ ಸೋರಿಕೆ: ಅನಿಲ ಕಲ್ಲಿನೊಳಗೆ ಹೋಗದೆ ಕಲ್ಲಿನ ಮೈಗೂ ರಬ್ಬರ್ ಸ್ಲೀವ್‌ಗೂ ನಡುವಿನ ಸಂದಿನಲ್ಲಿ ನುಸುಳಿ ಆಚೆ ಬರುತ್ತದೆ. ಇದು ಸೋಪಿನ ನೀರಿಗೆ ಸಿಗುವುದಿಲ್ಲ. ಹೊರಬಾಯಿಯ ಹರಿವಿನೊಂದಿಗೆ ಬೆರೆತು ಪಾರಗಮ್ಯತೆಯ ವೇಷದಲ್ಲಿಯೇ ಬರುತ್ತದೆ.

ಎಷ್ಟು ಸಣ್ಣ ಸಂದು ಸಾಕು ಎಂದು ಲೆಕ್ಕ ಹಾಕಿ ನೋಡಿ. ಎರಡು ಮೈಗಳ ನಡುವಿನ ಸಂದಿನಲ್ಲಿ ಹರಿವು ಸಂದಿನ ಅಗಲದ ಘನಕ್ಕೆ ಅನುಗುಣವಾಗಿರುತ್ತದೆ. 38 ಮಿಲಿಮೀಟರ್ ಕೋರ್‌ನ ಸುತ್ತಳತೆ 119 ಮಿಲಿಮೀಟರ್. ಅದರ ಸುತ್ತ 7 ಮೈಕ್ರೋಮೀಟರ್ ಸಂದು ಉಳಿದರೆ ಸಾಕು, ಯಂತ್ರ 3 ಮಿಲಿಡಾರ್ಸಿ ತೋರಿಸುತ್ತದೆ. ತಲೆಗೂದಲಿನ ದಪ್ಪದ ಹತ್ತನೇ ಒಂದು ಪಾಲು ಅದು. ಸಂದು 14 ಮೈಕ್ರೋಮೀಟರ್ ಆದರೆ ಅಂಕಿ ಎರಡು ಪಟ್ಟಲ್ಲ, ಎಂಟು ಪಟ್ಟು ಏರುತ್ತದೆ.

ಸ್ಲೀವ್ ಬಿಚ್ಚಿ ಒಳಗೆ ಬೆರಳಾಡಿಸಿದಾಗ ಉದ್ದಕ್ಕೆ ಒಂದು ಗೀರು ಸಿಕ್ಕಿತು. ಯಾವುದೋ ಕೋರ್‌ನ ತುದಿಯ ಅಂಚು ಚಕ್ಕೆ ಎದ್ದಿದ್ದು, ಒಳಗೆ ತಳ್ಳುವಾಗ ರಬ್ಬರನ್ನು ಕೊಯ್ದಿತ್ತು. ರಬ್ಬರ್ ಕೂಡ ಹಳೆಯದಾಗಿ ಬಿರುಸಾಗಿತ್ತು. ಬಿರುಸಾದ ರಬ್ಬರ್ ಕಲ್ಲಿನ ಮೈಗೆ ಅಂಟಿಕೊಳ್ಳುವುದಿಲ್ಲ. ಹೊಸ ಸ್ಲೀವ್ ಹಾಕಿ ಉಕ್ಕನ್ನು ಮತ್ತೆ ಇಟ್ಟೆವು. ಹರಿವು ಮಾಪಕದ ಅಳತೆಗೆ ಸಿಗದಷ್ಟು ಇಳಿಯಿತು. ಅಂದಿನಿಂದ ಕೋರ್‌ನ ಎರಡೂ ತುದಿಯ ಅಂಚುಗಳನ್ನು ನಯವಾದ ಕಾರ್ಬೋರಂಡಮ್ ಕಾಗದದಿಂದ ಎರಡು ಸುತ್ತು ತಿಕ್ಕದೆ ಸ್ಲೀವ್‌ಗೆ ತಾಗಿಸುವುದಿಲ್ಲ.

ಸ್ಲೀವ್ ಹೊಸದಾದರೂ ಸೋರುವ ಎರಡು ಸಂದರ್ಭಗಳಿವೆ. ಒಂದು, ಒಳಬಾಯಿಯ ಒತ್ತಡ ಸುತ್ತಣ ಒತ್ತಡದ ಹತ್ತಿರ ಬಂದರೆ ರಬ್ಬರ್ ಮೇಲೇಳುತ್ತದೆ. ಸುತ್ತಣ ಒತ್ತಡ ಕನಿಷ್ಠ ಎರಡು ಪಟ್ಟಾದರೂ ಇರಲಿ. ಇನ್ನೊಂದು ನಮ್ಮ ಶಿಲೆಯದೇ ತೊಂದರೆ. ಕ್ಯಾಲ್ಸೈಟ್ ತುಂಬಿದ ಹಳೆಯ ಗುಳ್ಳೆ ಕೋರ್‌ನ ಮೈಮೇಲೆ ಬಂದಾಗ, ಕೊರೆಯುವ ಹೊತ್ತಿಗೆ ಆ ತುಂಬು ಕಿತ್ತುಹೋಗಿ ಗುಳಿ ಬೀಳುತ್ತದೆ. ಗುಳಿಗಳು ಸಾಲಾಗಿದ್ದರೆ ಅನಿಲಕ್ಕೆ ಅದೇ ಮೆಟ್ಟಿಲು. ಮಂದವಾದ ಎಪಾಕ್ಸಿಯನ್ನು ಗುಳಿಗೆ ಮಾತ್ರ ತುಂಬಿ, ಒಣಗಿದ ಮೇಲೆ ಮೈಮಟ್ಟಕ್ಕೆ ತಿಕ್ಕಬೇಕು. ತೆಳ್ಳನೆಯ ಎಪಾಕ್ಸಿ ಬೇಡ, ಅದು ಬಿರುಕಿನೊಳಗೆ ಇಳಿದು ಅಳೆಯಬೇಕಾದ ದಾರಿಯನ್ನೇ ಮುಚ್ಚುತ್ತದೆ.

ಆ 0.4 ಮಿಲಿಡಾರ್ಸಿ

ಮೂರು ಕೋರ್‌ಗಳನ್ನೂ ಮತ್ತೆ ಅಳೆದೆವು. 42 ಮತ್ತು 67 ಮೀಟರಿನವು ಉಕ್ಕಿನಂತೆಯೇ ನಡೆದುಕೊಂಡವು. ಹರಿವಿನ ಮಾಪಕಕ್ಕೆ ಸಿಗದಷ್ಟು ಬಿಗಿ. 88 ಮೀಟರಿನದು ಮಾತ್ರ 0.4 ಮಿಲಿಡಾರ್ಸಿಯಲ್ಲಿ ನಿಂತಿತು. ಹಳೆಯ ಹಾಳೆಯಲ್ಲಿ ಅದು 3.4 ಇತ್ತು, ಉಳಿದವು ಸುಮಾರು 3. ಏರುಪೇರು ಎಂದು ನಾವು ಕಡೆಗಣಿಸಿದ್ದ ಆ ವ್ಯತ್ಯಾಸವೇ ಇಡೀ ಹಾಳೆಯಲ್ಲಿದ್ದ ಒಂದೇ ನಿಜ. ಇದನ್ನು ನಾನು ಹೊಸಬರಿಗೆಲ್ಲ ತೋರಿಸುತ್ತೇನೆ: ಸೋರಿಕೆ ಎಲ್ಲ ಕೋರ್‌ಗಳ ಮೇಲೂ ಒಂದೇ ಮೊತ್ತವಾಗಿ ಕೂತಿರುತ್ತದೆ, ಕಲ್ಲಿನ ಮಾತು ಅದರ ಮೇಲಿನ ಸಣ್ಣ ಉಳಿಕೆಯಲ್ಲಿ ಇರುತ್ತದೆ.

0.4 ಮಿಲಿಡಾರ್ಸಿ ಎಲ್ಲಿಂದ? ಕೋರ್‌ನ ಉದ್ದಕ್ಕೂ ಹಾದುಹೋದ, 5 ಮೈಕ್ರೋಮೀಟರ್ ಅಗಲದ ಒಂದೇ ಬಿರುಕು ಸಾಕು, ಲೆಕ್ಕಕ್ಕೆ 0.35 ಬರುತ್ತದೆ. ಕೋಟೆಯ ಗೋಡೆ ಎಷ್ಟು ದಪ್ಪವಿದ್ದರೂ ಒಳಗೆ ಬರುವವರು ಕಿಂಡಿಯಿಂದಲೇ ಬರುತ್ತಾರೆ ಎಂಬುದನ್ನು ದುರ್ಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಣ್ಣಿಗೆ ಕಾಣದ ಬಿರುಕನ್ನು ಹುಡುಕಲು ನಾನು ಬಳಸುವುದು ಸ್ಪಿರಿಟ್. ಒಣಗಿದ ಕೋರ್‌ನ ಮೈಗೆ ಹತ್ತಿಯಿಂದ ಸ್ಪಿರಿಟ್ ಒರೆಸಿ ಬೆಳಕಿಗೆ ಹಿಡಿಯಿರಿ. ಮೈ ಕ್ಷಣದಲ್ಲಿ ಒಣಗುತ್ತದೆ. ಬಿರುಕಿನೊಳಗೆ ಇಳಿದ ಸ್ಪಿರಿಟ್ ಕೊನೆಗೆ ಒಣಗುವುದರಿಂದ ಕಪ್ಪು ಗೆರೆಯೊಂದು ಕೆಲವು ಕ್ಷಣ ಉಳಿಯುತ್ತದೆ. ಆ ಗೆರೆಯ ಮೇಲೆ ಪೆನ್ಸಿಲ್ ಆಡಿಸಿ ಗುರುತು ಮಾಡಿಕೊಳ್ಳಿ.

ಗೆರೆ ಸಿಕ್ಕಿತು. ಈಗ ಕಷ್ಟದ ಪ್ರಶ್ನೆ: ಈ ಬಿರುಕು ಬೆಟ್ಟದ್ದೋ, ನಾವು ಮಾಡಿದ್ದೋ? ಕೊರೆಯುವ ರಿಗ್‌ನ ಅದುರು, ಕೋರ್ ಬ್ಯಾರೆಲ್‌ನಿಂದ ಹೊರತೆಗೆಯುವಾಗ ಸುತ್ತಿಗೆಯ ಪೆಟ್ಟು, ಒಲೆಯಲ್ಲಿ ಅವಸರದ ಕಾಯಿಸುವಿಕೆ, 88 ಮೀಟರ್ ಆಳದ ಭಾರದಿಂದ ಕಲ್ಲು ಬಿಡುಗಡೆಯಾದದ್ದು, ಇವೆಲ್ಲವೂ ಹೊಸ ಬಿರುಕು ಮೂಡಿಸುತ್ತವೆ. ಹಳೆಯ ಬಿರುಕಿನ ಮೈಮೇಲೆ ಏನಾದರೂ ಬೆಳೆದಿರುತ್ತದೆ: ಕ್ಯಾಲ್ಸೈಟ್‌ನ ಬಿಳಿ ತೊಗಟೆ, ಕ್ಲೋರೈಟ್‌ನ ಜಾರುವ ಹಸಿರು, ನೀರು ಓಡಾಡಿದ್ದರೆ ತುಕ್ಕಿನ ಕಂದು. ಹೊಸ ಬಿರುಕಿನ ಮೈ ಚೊಕ್ಕಟ, ಹರಳುಗಳು ಮಿನುಗುತ್ತವೆ; ಕೋರ್‌ನ ಅಕ್ಷಕ್ಕೆ ಅಡ್ಡವಾಗಿ ತಟ್ಟೆಯಂತೆ ಬಾಗಿದ್ದರೆ ಅದು ಬಹುಮಟ್ಟಿಗೆ ಕೊರೆತದ ಫಲ. ಪರೀಕ್ಷೆಯ ಕೋರನ್ನು ಒಡೆದು ನೋಡುವ ಹಾಗಿಲ್ಲ. ಹಾಗಾಗಿ ಕತ್ತರಿಸುವಾಗ ಉಳಿದ ಪಕ್ಕದ ತುಂಡನ್ನು ಎಸೆಯದೆ ಪೆಟ್ಟಿಗೆಯಲ್ಲೇ ಇಟ್ಟುಕೊಂಡಿರಬೇಕು. ನಮ್ಮ ಪಕ್ಕದ ತುಂಡನ್ನು ಅದೇ ಗೆರೆಯಲ್ಲಿ ಸೀಳಿದಾಗ ಕಂದು ಕಲೆ ಕಂಡಿತು. ಬಿರುಕು ಬೆಟ್ಟದ್ದೇ.

ಬಿರುಕಿದ್ದಾಗ ಇನ್ನೊಂದು ಪರೀಕ್ಷೆ ಮಾಡಲೇಬೇಕು: ಸುತ್ತಣ ಒತ್ತಡವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಪ್ರತಿ ಮೆಟ್ಟಿಲಲ್ಲೂ ಅಳೆಯುವುದು. ಬಿರುಕು ಮುಚ್ಚಿಕೊಳ್ಳುತ್ತಾ ಪಾರಗಮ್ಯತೆ ಕುಸಿಯುತ್ತದೆ. ಗುಳ್ಳೆಗಳ ದಾರಿಯಾಗಿದ್ದರೆ ಅಷ್ಟಾಗಿ ಬದಲಾಗುವುದಿಲ್ಲ. ಎಚ್ಚರವಿರಲಿ, ಸ್ಲೀವ್‌ನ ಸೋರಿಕೆಯೂ ಒತ್ತಡ ಏರಿದಂತೆ ಹೀಗೆಯೇ ಕುಸಿಯುತ್ತದೆ. ಅದಕ್ಕೇ ಉಕ್ಕಿನ ದಿಂಡನ್ನೂ ಅವೇ ಮೆಟ್ಟಿಲುಗಳಲ್ಲಿ ಅಳೆದಿಟ್ಟುಕೊಂಡಿರಬೇಕು. ವರದಿಗೆ ಯಾವ ಮೆಟ್ಟಿಲಿನ ಅಂಕಿ? ಈ ಶಿಲೆಯ ಸಾಂದ್ರತೆ ನೀರಿನ ಸುಮಾರು 2.9 ಪಟ್ಟು, 100 ಮೀಟರ್ ಆಳದಲ್ಲಿ ಮೇಲಿನ ಕಲ್ಲಿನ ಭಾರ ಸುಮಾರು 28 ಬಾರ್, ಅದರಲ್ಲಿ ನೀರಿನ ಒತ್ತಡವನ್ನು ಕಳೆಯಬೇಕು. ಕೋರ್ ಬಂದ ಆಳಕ್ಕೆ ಹೊಂದುವ ಒತ್ತಡದ ಅಂಕಿಯನ್ನು, ಒತ್ತಡದ ಸಮೇತ ಬರೆಯಿರಿ. ಒತ್ತಡ ನಮೂದಿಸದ ಪಾರಗಮ್ಯತೆಯ ಅಂಕಿಯನ್ನು ನಾನು ಯಾರಿಂದಲೂ ಸ್ವೀಕರಿಸುವುದಿಲ್ಲ.

ಲೆಕ್ಕದ ಹಾಳೆ

ನೀರಿಗೆ ಸೂತ್ರ ಸರಳ. ಹರಿವು, ಸ್ನಿಗ್ಧತೆ (ಹರಿಯುವ ವಸ್ತುವಿನ ಮಂದತನ), ಉದ್ದ ಮೂರನ್ನೂ ಗುಣಿಸಿ, ವಿಸ್ತೀರ್ಣ ಮತ್ತು ಒತ್ತಡದ ವ್ಯತ್ಯಾಸಗಳ ಗುಣಲಬ್ಧದಿಂದ ಭಾಗಿಸಬೇಕು. ಹೆನ್ರಿ ಡಾರ್ಸಿ 1856ರಲ್ಲಿ ಪ್ರಕಟಿಸಿದ ನಿಯಮ ಅದು. ಅನಿಲಕ್ಕೆ ಅದನ್ನೇ ಹಾಕಿದರೆ ತಪ್ಪು. ಅನಿಲ ಕೋರ್‌ನೊಳಗೆ ಹೋಗುತ್ತಾ ಹಿಗ್ಗುತ್ತದೆ, ಆದ್ದರಿಂದ ಎರಡೂ ಬಾಯಿಗಳ ಒತ್ತಡದ ವರ್ಗಗಳ ವ್ಯತ್ಯಾಸ ಬೇಕು, ಅದೂ ನಿರಪೇಕ್ಷ ಒತ್ತಡದಲ್ಲಿ. ಮಾಪಕ ತೋರಿಸುವುದು ಗಾಳಿಯ ಒತ್ತಡಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ.

ಇಲ್ಲಿ ನಮ್ಮ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಚಿತ್ರದುರ್ಗ ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಪುಸ್ತಕದ 101 ಕಿಲೋಪ್ಯಾಸ್ಕಲ್ ಅಲ್ಲ, ಸುಮಾರು 93. ಒಳಬಾಯಿಯ ಮಾಪಕ 100 ಕಿಲೋಪ್ಯಾಸ್ಕಲ್ ತೋರಿಸುತ್ತಿದ್ದರೆ ನಿರಪೇಕ್ಷ ಒತ್ತಡ 193. ಈ ಅಂಕಿಗಳಿಗೆ ಅನಿಲದ ಸೂತ್ರ ಬಿಟ್ಟು ನೀರಿನ ಸೂತ್ರ ಹಾಕಿದರೆ ಉತ್ತರ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಕಂಪ್ಯೂಟರಿನ ಹಾಳೆಯಲ್ಲಿ ಒಮ್ಮೆ ತಪ್ಪು ಸೂತ್ರ ಕೂತರೆ ವರ್ಷಗಟ್ಟಲೆ ಯಾರೂ ತೆರೆದು ನೋಡುವುದಿಲ್ಲ. ಒಂದು ಕೋರ್‌ನ ಲೆಕ್ಕವನ್ನಾದರೂ ಕೈಯಲ್ಲಿ ಮಾಡಿ ತಾಳೆ ನೋಡಿ.

ಬಿಗಿ ಶಿಲೆಯಲ್ಲಿ ಅನಿಲದ ಅಂಕಿ ನೀರಿನ ಅಂಕಿಗಿಂತ ಹೆಚ್ಚು ಬರುವುದು ದೋಷವಲ್ಲ. ರಂಧ್ರ ತೀರಾ ಕಿರಿದಾದಾಗ ಅನಿಲದ ಅಣುಗಳು ಗೋಡೆಯ ಬಳಿ ಜಾರಿಕೊಂಡು ಹೋಗುತ್ತವೆ ಎಂದು ಕ್ಲಿಂಕೆನ್‌ಬರ್ಗ್ 1941ರಲ್ಲಿ ವಿವರಿಸಿದ. ನಾಲ್ಕೈದು ಸರಾಸರಿ ಒತ್ತಡಗಳಲ್ಲಿ ಅಳೆದು, ಒತ್ತಡದ ವಿಲೋಮದ ಎದುರು ಬಿಂದುಗಳನ್ನಿಟ್ಟು ಗೆರೆ ಎಳೆದರೆ, ವಿಲೋಮ ಸೊನ್ನೆಯಾಗುವಲ್ಲಿ ಸಿಗುವುದು ನಿಜವಾದ ಅಂಕಿ. ಬಿಂದುಗಳು ಗೆರೆಯ ಮೇಲೆ ಕೂರದಿದ್ದರೆ ಗೆರೆ ಎಳೆಯಬೇಡಿ, ಸೋರಿಕೆಗೆ ಮರಳಿ.

ಅಂಕಿ ತೀರಾ ಕಡಿಮೆ ಬಂದರೆ

ಕಡಿಮೆ ಅಂಕಿಯನ್ನು ಯಾರೂ ಅನುಮಾನಿಸುವುದಿಲ್ಲ, ಕಲ್ಲು ಬಿಗಿಯಾಗಿದೆ ಎಂದುಕೊಳ್ಳುತ್ತಾರೆ. ಮೊದಲು ತೂಕ ನೋಡಿ. ಒಲೆಯಿಂದ ತೆಗೆದ ಕೋರ್‌ನ ತೂಕ ಒಂದು ದಿನದ ಅಂತರದಲ್ಲಿ ಎರಡು ಬಾರಿ ಒಂದೇ ಬಂದಿರಬೇಕು. ಇಲ್ಲದಿದ್ದರೆ ರಂಧ್ರದಲ್ಲಿ ನೀರು ಕೂತು ಅನಿಲದ ದಾರಿಯನ್ನು ಮುಚ್ಚಿದೆ. ಗಟ್ಟಿ ಶಿಲೆಗೆ 105 ಡಿಗ್ರಿ ನಡೆಯುತ್ತದೆ, ಆದರೆ ನಿಧಾನವಾಗಿ ಏರಿಸಿ ನಿಧಾನವಾಗಿ ಇಳಿಸಬೇಕು. ಮೇಲಿನ ಪದರದ, ಜೇಡಿಯಾಗತೊಡಗಿದ ಕೋರ್‌ಗಳಿಗೆ 60 ಡಿಗ್ರಿ ಸಾಕು, ಹೆಚ್ಚು ದಿನ ಹಿಡಿದರೂ ಸರಿ.

ಅದಾದ ಮೇಲೆ ತುದಿಯ ಮುಖಗಳು. ಗರಗಸದ ಹಿಟ್ಟು, ಕೊರೆಯುವಾಗ ಬಳಸಿದ ಬೆಂಟೊನೈಟ್ ಕೆಸರು ಮುಖಕ್ಕೆ ಮೆತ್ತಿಕೊಂಡು ಬಾಯಿ ಕಟ್ಟುತ್ತವೆ. ಎರಡೂ ಮುಖಗಳಿಂದ ತೆಳುವಾಗಿ ಅರೆದು, ಬ್ರಷ್ ಹಾಕಿ ತೊಳೆದು, ಮತ್ತೆ ಒಣಗಿಸಿ ಅಳೆಯಿರಿ. ಅಂಕಿ ಜಿಗಿದರೆ ದೋಷ ಸಿಕ್ಕಿತು. ಕೋರ್‌ನ ತುದಿಗೆ ತಾಗಿ ಅನಿಲ ಹಾಯಗೊಡುವ ಯಂತ್ರದ ಜರಡಿ ಬಿಲ್ಲೆ ಕಟ್ಟಿಕೊಂಡಿದ್ದರೂ ಹೀಗೆಯೇ ಆಗುತ್ತದೆ. ಕೋರ್ ಇಡದೆ ಅನಿಲ ಬಿಟ್ಟು ನೋಡಿದರೆ ತಿಳಿಯುತ್ತದೆ.

ನೀರಿನಿಂದ ಅಳೆಯುವವರಿಗೆ ತಾಳ್ಮೆ ಬೇಕು. ಒಂದು ಮೈಕ್ರೋಡಾರ್ಸಿಯ ಕೋರ್‌ಗೆ 10 ಬಾರ್ ಒತ್ತಡ ಕೊಟ್ಟರೂ ಹೊರಬರುವುದು ಗಂಟೆಗೆ 0.1 ಮಿಲಿಲೀಟರ್, ಇಡೀ ದಿನಕ್ಕೆ ಎರಡೂವರೆ ಮಿಲಿಲೀಟರ್‌ಗಿಂತ ಕಡಿಮೆ. ಏಪ್ರಿಲ್ ತಿಂಗಳ ನಮ್ಮ ಒಣಗಾಳಿಯಲ್ಲಿ ಬಾಯಿ ತೆರೆದ ಬೀಕರ್ ಇಟ್ಟರೆ ಅದರಲ್ಲಿ ಗಣನೀಯ ಪಾಲು ಆವಿಯಾಗಿ ಹೋಗುತ್ತದೆ, ಕಲ್ಲು ಬಿಗಿಯಾದಂತೆ ಕಾಣುತ್ತದೆ. ಸಣ್ಣ ಕೊಳವೆಯಲ್ಲಿ ಹಿಡಿದು ಮೇಲೆ ಎರಡು ಹನಿ ಎಣ್ಣೆ ಬಿಡಿ. ನೀರಿನೊಳಗೆ ಕರಗಿದ ಗಾಳಿಯನ್ನು ನಿರ್ವಾತ ಪಂಪಿನಿಂದ ತೆಗೆಯದಿದ್ದರೆ ಗುಳ್ಳೆಗಳು ರಂಧ್ರದಲ್ಲಿ ಸಿಕ್ಕಿಕೊಳ್ಳುತ್ತವೆ. ನಮ್ಮ ಗಡಸು ಬೋರ್‌ವೆಲ್ ನೀರನ್ನು ನೇರವಾಗಿ ಹರಿಸಿದರೆ ಕೊಳವೆಗೂ ಕೋರ್‌ಗೂ ಸುಣ್ಣ ಕಟ್ಟುತ್ತದೆ. ಬಟ್ಟಿ ಇಳಿಸಿದ ನೀರು ಹರಿಸಿದರೆ ಶಿಥಿಲ ಶಿಲೆಯ ಜೇಡಿ ಉಬ್ಬುತ್ತದೆ. ಶುದ್ಧ ನೀರಿಗೆ ಅಳತೆಯ ಉಪ್ಪು ಬೆರೆಸಿ ಬಳಸುವುದು ಉಚಿತ. ದಿನದಿಂದ ದಿನಕ್ಕೆ ಹರಿವು ಕುಗ್ಗುತ್ತಿದ್ದರೆ ಕೋರನ್ನು ತಿರುಗಿಸಿ ಹಿಮ್ಮುಖವಾಗಿ ಹರಿಸಿ. ಚೇತರಿಸಿಕೊಂಡು ಮತ್ತೆ ಕುಗ್ಗಿದರೆ ಸಣ್ಣ ಕಣಗಳು ಓಡಾಡುತ್ತಿವೆ. ಚೇತರಿಸಿಕೊಳ್ಳದಿದ್ದರೆ ಜೇಡಿ ಉಬ್ಬಿದೆ ಅಥವಾ ಲೋಳೆ ಬೆಳೆದಿದೆ.

ಕರೆಂಟ್ ಹೋದ ರಾತ್ರಿ

ಹರಿವು ಅಳೆಯಲಾಗದಷ್ಟು ಬಿಗಿಯಾದ ಆ ಎರಡು ಕೋರ್‌ಗಳಿಗೆ ಒತ್ತಡದ ಮಿಡಿತ ಇಳಿಯುವುದನ್ನು ನೋಡುವ ವಿಧಾನ ಬಳಸಿದೆವು. ಗ್ರಾನೈಟ್‌ಗಾಗಿ 1968ರಲ್ಲಿ ಬ್ರೇಸ್ ಮತ್ತು ಸಂಗಡಿಗರು ರೂಪಿಸಿದ ವಿಧಾನ ಅದು: ಎರಡೂ ಬದಿಯಲ್ಲಿ ಮುಚ್ಚಿದ ತೊಟ್ಟಿ, ಒಂದು ಬದಿಯ ಒತ್ತಡವನ್ನು ಸ್ವಲ್ಪ ಏರಿಸಿ, ಅದು ಕೋರ್‌ನ ಮೂಲಕ ಇನ್ನೊಂದು ಬದಿಗೆ ಹೋಗಿ ಸಮವಾಗುವ ವೇಗವನ್ನು ದಾಖಲಿಸುವುದು.

ಎರಡನೆಯ ರಾತ್ರಿಯ ಗೆರೆಯಲ್ಲಿ ಎರಡು ಗಂಟೆಯ ಸುಮಾರಿಗೆ ಒಂದು ಗೂನು ಬಂದಿತ್ತು. ಕಲ್ಲು ಹಾಗೆ ಮಾಡುವುದಿಲ್ಲ. ಕರೆಂಟ್ ಹೋಗಿ ಹವಾನಿಯಂತ್ರಕ ನಿಂತಿತ್ತು, ಕೋಣೆ ಬೆಚ್ಚಗಾಗಿತ್ತು. 10 ಬಾರ್‌ನಲ್ಲಿ ಮುಚ್ಚಿಟ್ಟ ಅನಿಲ ಒಂದು ಡಿಗ್ರಿ ಬಿಸಿಯಾದರೆ ಒತ್ತಡ ಸುಮಾರು 3.3 ಕಿಲೋಪ್ಯಾಸ್ಕಲ್ ಏರುತ್ತದೆ. ನಾವು ಕೊಟ್ಟಿದ್ದ ಮಿಡಿತವೇ 50 ಕಿಲೋಪ್ಯಾಸ್ಕಲ್. ಒಂದು ಡಿಗ್ರಿಗೆ ಅದರ ಆರೇಳು ಶೇಕಡಾ ಕದಡಿಹೋಯಿತು. ಯಂತ್ರವನ್ನು ಥರ್ಮೋಕೋಲ್ ಪೆಟ್ಟಿಗೆಯೊಳಗಿಟ್ಟು, ಒಳಗೆ ಉಷ್ಣಮಾಪಕ ಹಾಕಿ, ಎರಡರ ದಾಖಲೆಯನ್ನೂ ಒಟ್ಟಿಗೆ ತೆಗೆಯುವುದು ಇದಕ್ಕೆ ಪರಿಹಾರ. ಕೋರ್ ಇಟ್ಟ ಮೇಲೆ ಒಂದು ರಾತ್ರಿ ಸುಮ್ಮನೆ ಬಿಡಿ. ಉಕ್ಕಿನ ದಿಂಡಿನದೂ ಒಂದು ರಾತ್ರಿಯ ಗೆರೆ ಕೈಯಲ್ಲಿರಲಿ. ಕೋರ್‌ನ ಗೆರೆ ಅದಕ್ಕಿಂತ ಬೇರೆಯಾಗಿ ಕಾಣದಿದ್ದರೆ ‘ಇಷ್ಟಕ್ಕಿಂತ ಕಡಿಮೆ’ ಎಂದು ಬರೆಯಬೇಕೇ ಹೊರತು ಅಂಕಿ ಬರೆಯಬಾರದು.

ಕೋರ್ ಬಿಗಿ, ಬೋರ್‌ವೆಲ್‌ನಲ್ಲಿ ಎರಡು ಇಂಚು ನೀರು

ಎಲ್ಲ ಸರಿಯಾದ ಮೇಲೆ ಊರಿನ ಹಿರಿಯರೊಬ್ಬರು ಕೇಳಿದರು: ‘ಸ್ವಾಮಿ, ಕಲ್ಲಿನಲ್ಲಿ ನೀರೇ ಹೋಗುವುದಿಲ್ಲ ಎನ್ನುತ್ತೀರಿ. ಪಕ್ಕದ ಹೊಲದ ಬೋರ್‌ವೆಲ್‌ನಲ್ಲಿ ಎರಡು ಇಂಚು ನೀರು ಬರುತ್ತಿದೆಯಲ್ಲ?’ ಎರಡೂ ನಿಜ, ಇಲ್ಲಿ ದೋಷ ಹುಡುಕಬೇಕಾಗಿಲ್ಲ. ರಿಗ್‌ನವರು ‘ಗ್ಯಾಪ್’ ಎನ್ನುತ್ತಾರಲ್ಲ, ಆ ಸೀಳುಗಳಲ್ಲಿ ನೀರು ಓಡುತ್ತದೆ. ಸೀಳಿದ್ದ ಭಾಗ ಕೋರ್ ಪೆಟ್ಟಿಗೆಗೆ ಚೂರುಚೂರಾಗಿ ಬರುತ್ತದೆ, ಅದರಿಂದ 50 ಮಿಲಿಮೀಟರ್ ದಿಂಡು ಕತ್ತರಿಸಲಾಗುವುದಿಲ್ಲ. ನಾವು ಅಳೆಯುವುದು ಉಳಿದ ಗಟ್ಟಿ ಭಾಗವನ್ನು ಮಾತ್ರ. ಹಾಗಾಗಿ ಪ್ರತಿ ಕೊರೆತಕ್ಕೂ ಎಷ್ಟು ಉದ್ದ ಕೊರೆದರು, ಎಷ್ಟು ಕೋರ್ ಸಿಕ್ಕಿತು, ಅದರಲ್ಲಿ 10 ಸೆಂಟಿಮೀಟರ್‌ಗಿಂತ ಉದ್ದದ ತುಂಡುಗಳು ಎಷ್ಟು ಎಂಬುದು ಪಾರಗಮ್ಯತೆಯ ಅಂಕಿಯ ಪಕ್ಕದಲ್ಲೇ ಇರಬೇಕು. ಸಾಮಾನ್ಯ ಬೋರ್‌ವೆಲ್ ರಿಗ್ ಚಕ್ಕೆ ಮತ್ತು ಪುಡಿಯನ್ನಷ್ಟೇ ಮೇಲೆ ತರುತ್ತದೆ. ಅದನ್ನು ಚೀಲದಲ್ಲಿ ತಂದು ಪಾರಗಮ್ಯತೆ ಅಳೆದುಕೊಡಿ ಎಂದು ಕೇಳುವವರಿಗೆ ಆಗುವುದಿಲ್ಲ ಎಂದು ನೇರವಾಗಿ ಹೇಳಿ.

ಬೆಟ್ಟದ ಅಂಕಿ ಬೇಕಿದ್ದರೆ ಕೊಳವೆಬಾವಿಯೊಳಗೆ ಪ್ಯಾಕರ್ (ಉಬ್ಬಿ ಬಾವಿಯನ್ನು ಬಿಗಿಯಾಗಿ ಮುಚ್ಚುವ ರಬ್ಬರ್ ಬಿರಡೆ) ಇಳಿಸಿ, ಒಂದೊಂದು ತುಂಡನ್ನು ಕಟ್ಟಿ ನೀರು ತುಂಬಿ ನೋಡಬೇಕು. 10 ಬಾರ್ ಒತ್ತಡದಲ್ಲಿ ಮೀಟರಿಗೆ ನಿಮಿಷಕ್ಕೆ ಒಂದು ಲೀಟರ್ ಹೋದರೆ ಒಂದು ಲೂಜಾನ್. ಪಾರಗಮ್ಯತೆಯಲ್ಲಿ ಅದು ಸುಮಾರು 13 ಮಿಲಿಡಾರ್ಸಿ. ನಮ್ಮ ಬಿಗಿ ಕೋರ್‌ಗಿಂತ ಹತ್ತು ಸಾವಿರ ಪಟ್ಟು ಹೆಚ್ಚು ಬಂದರೂ ಗಾಬರಿಯಾಗಬೇಡಿ.

ಆ ಊರಿನ ವರದಿಯಲ್ಲಿ 42 ಮತ್ತು 67 ಮೀಟರಿನ ಕೋರ್‌ಗಳಿಗೆ ಮೇಲ್ಮಿತಿ ಬರೆದೆವು. 88 ಮೀಟರಿನದನ್ನು ಬಿರುಕಿನ ದಿಕ್ಕು, ಕಂದು ಕಲೆ, ಪ್ರತಿ ಮೆಟ್ಟಿಲಿನ ಒತ್ತಡ ಮತ್ತು ಅಂಕಿಯೊಂದಿಗೆ ಬೇರೆ ಪುಟದಲ್ಲಿ ಕೊಟ್ಟೆವು. ಇಂಗುಗುಂಡಿಯ ಜಾಗವನ್ನು ಗೊತ್ತುಮಾಡುವ ಮೊದಲು 80ರಿಂದ 95 ಮೀಟರ್ ನಡುವೆ ಪ್ಯಾಕರ್ ಪರೀಕ್ಷೆ ಆಗಬೇಕೆಂದು ಕೆಳಗೆ ಬರೆದು ಸಹಿ ಮಾಡಿದೆ.